ಎರಡು ಮುಚ್ಚಳ ದವಾ

ಅಂಬುಬಾಯಿ ಕಸ ತೆಗೆದ ಸಾಲಿನಲ್ಲಿ ಒಂದೇ ಒಂದು ಹುಲ್ಲಿನ ಎಳೆ ತೋರಿಸಿದವರಿಗೆ ಇಳಕಲ್ಲ ಸೀರೆ ಕೊಡಿಸುತ್ತೇನೆ ಎಂದು ಅವಳ ಗಂಡ ಕಾಶೆಪ್ಪ ಊರ ಕಟ್ಟೆಯ ಮೇಲೆ ಪಂಥ ಕಟ್ಟುತ್ತಿದ್ದ. ಕಾಶೆಪ್ಪ ತೀರಿಹೋಗಿ ಒಂಬತ್ತು ವರ್ಷವಾಯಿತು, ಆ ಸೀರೆ ಇನ್ನೂ ಯಾರಿಗೂ ಸಿಕ್ಕಿಲ್ಲ.

ಅವಳು ಹುಟ್ಟಿದ್ದು ಬಸವಕಲ್ಯಾಣದ ಕಡೆ. ಗಡಿಯಾಚೆ, ನಿಲಂಗಾದಿಂದ ದೇವಣಿಗೆ ಹೋಗುವ ದಾರಿಯ ಈ ಹಳ್ಳಿಗೆ ಸೊಸೆಯಾಗಿ ಬಂದ ನಾಲ್ಕನೆಯ ದಿನವೇ ಅತ್ತೆ ಕೈಗೆ ಕಸ ತೆಗೆಯುವ ಖುರ್ಪಿ ಕೊಟ್ಟಳು. ಆಗ ಅಂಬುಬಾಯಿಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಖುರ್ಪಿ ಹಿಡಿದು ಕುಕ್ಕರಗಾಲಲ್ಲಿ ಕೂತು ಸಾಲು ಸಾಗಿಸುತ್ತಲೇ, ಎಡಕ್ಕೆ ಕೂತವಳ ಬೈಗುಳದಿಂದ, ಬಲಕ್ಕೆ ಕೂತವಳ ನಗೆಯಿಂದ ಆ ಮಾತು ಕಲಿತಳು. ಹತ್ತು ವರ್ಷದೊಳಗೆ ಇಪ್ಪತ್ತೆರಡು ಹೆಂಗಸರ ಗುಂಪಿಗೆ ಅವಳೇ ಮುಖ್ಯಸ್ಥೆ. ಉದಗೀರದ ಕಡೆಯ ರೈತರು ಕೂಡ ಬೆಳಗಾಗುವ ಮೊದಲೇ ಟೆಂಪೋ ತಂದು ಅವಳ ಮನೆಯ ಮುಂದೆ ಹಾರ್ನ್ ಹೊಡೆಯುತ್ತಿದ್ದರು. ಆ ಸಾಲುಗಳಲ್ಲೇ ಎಷ್ಟೋ ಮದುವೆ ಕುದುರಿದವು, ಎಷ್ಟೋ ಜಗಳ ಬಗೆಹರಿದವು. ಸಂಜೆ ಮನೆಗೆ ಹೊರಟಾಗ ಪ್ರತಿಯೊಬ್ಬಳ ಉಡಿಯಲ್ಲೂ ಹೊಲದಲ್ಲಿ ತಾನಾಗಿ ಬೆಳೆದ ಗೋಳಿ, ಕಿರಕಸಾಲಿ, ಹೊನಗೊನ್ನಿ ಸೊಪ್ಪು ತುಂಬಿರುತ್ತಿತ್ತು. ಮಳೆಗಾಲದಲ್ಲಿ ಆ ಮನೆಗಳಲ್ಲಿ ಪಲ್ಯಕ್ಕಾಗಿ ಯಾರೂ ಬಜಾರಕ್ಕೆ ಹೋದದ್ದಿಲ್ಲ.

ಒಂದು ಆಷಾಢದಲ್ಲಿ ದೇವಣಿ ರಸ್ತೆಯ ದೊಡ್ಡ ಹೊಲವೊಂದಕ್ಕೆ ಹೋದರು. ಬುತ್ತಿ ಗಂಟು ಇಳಿಸಿ ನೋಡಿದರೆ ಸೋಯಾಬೀನ್ ಹಸಿರಾಗಿಯೇ ಇದೆ, ನಡುವಿನ ಹುಲ್ಲು, ಸೊಪ್ಪು ಎಲ್ಲ ಹಳದಿಯಾಗಿ ಬೆಂದುಹೋಗಿದೆ.

"ದವಾ ಹೊಡದೀನಿ ಬಾಯಿ, ಇನ್ನ ನೀವು ಬರೂದು ಬ್ಯಾಡ" ಎಂದ ಹೊಲದ ಒಡೆಯ.

ಈ ಸೀಮೆಯಲ್ಲಿ ಕೆಮ್ಮಿಗೆ ಕುಡಿಯುವುದೂ ದವಾ, ಹೊಲಕ್ಕೆ ಹೊಡೆಯುವುದೂ ದವಾ. ಅಂಬುಬಾಯಿಗೆ ನಿಜಕ್ಕೂ ಕನಿಕರವಾಯಿತು. "ಅಯ್ಯ ಪಾಪ, ಹೊಲಕ್ಕ ಏನು ಜಡ್ಡು ಬಂದಿತ್ರೀ?" ಎಂದು ಕೇಳಿಬಿಟ್ಟಳು.

ಅವನು ಹೊಟ್ಟೆ ಹಿಡಿದು ನಕ್ಕ. ಆ ನಗೆಯನ್ನು ಅವಳು ಮರೆಯಲಿಲ್ಲ.

ನಾಲ್ಕೇ ವರ್ಷದಲ್ಲಿ ಗುಂಪು ಚದುರಿತು. ಕೆಲವರು ಲಾತೂರಿಗೆ ಮನೆಗೆಲಸಕ್ಕೆ ಹೋದರು, ಕೆಲವರು ಇಟ್ಟಂಗಿ ಭಟ್ಟಿಗೆ. ಉಳಿದವರು ಅವಳ ವಾರಿಗೆಯ ಬಂಡಮ್ಮ ಮತ್ತು ಪ್ರೇಮಾಬಾಯಿ ಇಬ್ಬರೇ. ಊರ ಸುತ್ತ ಆ ದವಾ ಕಾಣದೆ ಉಳಿದ ಹೊಲವೂ ಒಂದೇ, ಅಂಬುಬಾಯಿಯ ಎರಡು ಎಕರೆ.

ಈ ವರ್ಷ ಅದಕ್ಕೂ ಡಬ್ಬಿ ಬಂತು. ತಂದವನು ಮಗ ಬಾಲಾಜಿ. ಅವನು ಉದಗೀರದ ಮೊಂಢಾ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದಾನೆ. ಬೆಳಿಗ್ಗೆ ಮೋಟರ್‌ಸೈಕಲ್ ಏರಿ ಹೋದರೆ ಬರುವುದು ಕತ್ತಲಾದ ಮೇಲೆ.

"ಇದೇನೋ?" ಎಂದಳು.

"ಕಸದ ದವಾ. ನಿನ್ನ ಮೊಣಕಾಲ ನೋಡಿ ತಂದೀನಿ ಯವ್ವಾ. ಕೆಮ್ಮು ಬ್ಯಾರೆ ಹತ್ಯಾದ ನಿನಗ."

"ಮೊಣಕಾಲು ನಂದು. ನೋವಾದ್ರ ಅದಕ್ಕ ಎಣ್ಣಿ ಹಚ್ಚು. ಹೊಲ ನಿನಗೇನು ಮಾಡ್ಯಾದ?"

"ಬಿತ್ತಿ ಹದಿನೈದು ದಿನಾ ಆತು. ಇನ್ನೊಂದು ಎಂಟು ದಿನಾ ದಾಟಿದ್ರ ಹೊಡದೂ ಉಪಯೋಗಿಲ್ಲ. ಕೈಯಿಂದ ತೆಗಿಲಾಕ ಮಂದಿ ಎಲ್ಲಿದ್ದಾರ?"

"ಎಂಟು ದಿನಾ ಅದನಲ್ಲ? ಎಂಟು ದಿನದಾಗ ನಾ ತೆಗದ್ರ ಡಬ್ಬಿ ಹೊಳ್ಳಿ ಅಂಗಡಿಗಿ. ಆಗಲಿಲ್ಲಂದ್ರ ನೀ ಹೊಡಕೋ, ನಾ ಬಾಯಿ ತಗಿಯಂಗಿಲ್ಲ."

ಬಾಲಾಜಿ ಒಪ್ಪಿದ. ಅಂಬುಬಾಯಿ ಡಬ್ಬಿಯನ್ನು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದಕ್ಕೆ ಮೊದಲೇ ಅವನು ಬದುವಿಗೆ ಬೇಕಾದೀತೆಂದು ಸ್ವಲ್ಪ ದವಾ ಇನ್ನೊಂದು ಬಾಟಲಿಗೆ ಸುರುವಿಟ್ಟುಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ.

ಮಳೆ ಬಿಡುವು ಕೊಟ್ಟಿತ್ತು. ಮೂವರು ಮುದುಕಿಯರು ಮೂರು ಸಾಲು ಹಿಡಿದರು. ಮೊದಲ ದಿನ ಬಂಡಮ್ಮ ಕೂತಲ್ಲಿಂದ ಏಳಲಾರದೆ ಪ್ರೇಮಾಬಾಯಿಯ ಹೆಗಲು ಹಿಡಿದಳು, ಪ್ರೇಮಾಬಾಯಿ ಅಂಬುಬಾಯಿಯ ಹೆಗಲು ಹಿಡಿದಳು, ಮೂವರೂ ಒಟ್ಟಿಗೆ ಮತ್ತೆ ಕೂತುಬಿಟ್ಟರು. ನಕ್ಕು ನಕ್ಕು ಅಂಬುಬಾಯಿಗೆ ಕೆಮ್ಮು ಹತ್ತಿತು. ಮೂರನೆಯ ದಿನಕ್ಕೆ ಕೈಗಳಿಗೆ ಹಳೆಯ ರೂಢಿ ನೆನಪಾಯಿತು. ಬಾಯಿಗಳಿಗೆ ಮೊದಲ ದಿನವೇ ಆಗಿತ್ತು.

"ಮನಷ್ಯಾ ಕಂಡುಹಿಡದ ಸಾಮಾನದಾಗ ಯಾವುದು ಇರಬಾರದಿತ್ತು, ಹೇಳ್ರಿ ನೋಡೂಣು" ಎಂದಳು ಬಂಡಮ್ಮ. "ನಾ ಅಂತೀನಿ, ಡೀಜೆ. ಯಾರದರೆ ಮದುವಿ ಇರಲಿ, ಕುಣಿಯೂದು ನಮ್ಮ ಮನಿ ತಗಡು."

"ಮೊಬೈಲ" ಎಂದಳು ಪ್ರೇಮಾಬಾಯಿ.

"ನಿಂದು ಸೊಸಿ ಕೈಯಾಗ ಅದ, ಅದಕ್ಕ ನಿನಗ ಬ್ಯಾಡಾಗ್ಯಾದ! ಅಂಬಕ್ಕಾ, ನೀ ಹೇಳು."

ಅಂಬುಬಾಯಿ ಸೋಯಾಬೀನ್ ಬುಡದಿಂದ ಒಂದು ಗೋಳಿ ಬಳ್ಳಿಯನ್ನು ಬೇರು ಹರಿಯದಂತೆ ಬಿಡಿಸಿ ಉಡಿಗೆ ಹಾಕಿಕೊಂಡಳು. "ಡೀಜೆ ಆದ್ರ ಮುಂಜಾನಿ ಬಂದ್ ಆಗ್ತದ. ಮೊಬೈಲ ಬಿದ್ದರ ಒಡೀತದ. ಕಸದ ದವಾ ಬಂದ ಮ್ಯಾಲ ನಮ್ಮ ಇಪ್ಪತ್ತೆರಡು ಮಂದ್ಯಾಗ ಹೋದವರು ಹೊಳ್ಳಿ ಬಂದಾರೇನು? ಅದೊಂದು ಇರಬಾರದಿತ್ತು."

ಮೂರು ಖುರ್ಪಿಗಳೂ ಕರ್ ಕರ್ ಎಂದು ಮುಂದಿನ ಬುಡಕ್ಕೆ ಸಾಗಿದವು.

ಏಳನೆಯ ದಿನ ಮಧ್ಯಾಹ್ನಕ್ಕೆ ಹನ್ನೆರಡು ಸಾಲು ಉಳಿದವು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮಳೆ ಹಿಡಿದರೆ ಈ ಕರಿ ಮಣ್ಣಿನಲ್ಲಿ ಕಾಲಿಡಲೂ ಆಗುವುದಿಲ್ಲ. ಹಿಂದಿನ ರಾತ್ರಿಯೆಲ್ಲ ಕೆಮ್ಮಿದ್ದ ಅಂಬುಬಾಯಿಗೆ ಎದೆ ನೋಯುತ್ತಿತ್ತು, ಆದರೂ ಅವಳು ಊಟಕ್ಕೆ ಏಳಲಿಲ್ಲ. ಆಗ ಸೊಸೆ ಸ್ನೇಹಲ ಬುತ್ತಿ ಹೊತ್ತು ಬಂದಳು. ಲಾತೂರ ಕಡೆಯ ಹುಡುಗಿ, ಮದುವೆಯಾಗಿ ವರ್ಷವಾಗಿಲ್ಲ, ಕನ್ನಡ ಈಗಷ್ಟೇ ನಾಲಿಗೆಗೆ ಬರುತ್ತಿದೆ.

"ಅತ್ತಿ, ಇವರು ಉದಗೀರದಿಂದ ಫೋನ್ ಮಾಡಿದ್ರು. ದವಾ ಕೊಡಂದಾರ್ರೀ, ಎರಡು ಮುಚ್ಚಳ" ಎಂದು ಸೆರಗಿನಿಂದ ಕೆಮ್ಮಿನ ಔಷಧದ ಬಾಟಲಿ ತೆಗೆದು, ಮುಚ್ಚಳದ ತುಂಬ ಸುರಿದು, ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಮಗ ನೆನಪಿಟ್ಟಿದ್ದಾನಲ್ಲ ಎಂದು ಅಂಬುಬಾಯಿಗೆ ಒಳಗೊಳಗೇ ಹಿತವಾಯಿತು. ಮುಚ್ಚಳ ತುಟಿಯ ಹತ್ತಿರ ತಂದಳು. ಸೀಮೆಎಣ್ಣೆಯಂಥ ಘಾಟು ಮೂಗಿಗೆ ಬಡಿಯಿತು. ದೇವಣಿ ರಸ್ತೆಯ ಆ ಹೊಲ, ಆ ಹಳದಿ, ಆ ನಗೆ ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಮುಚ್ಚಳವನ್ನು ದೂರ ಬದುವಿನಾಚೆಗೆ ಎಸೆದಳು.

"ಏನಂದ ಅಂವಾ? ಇದ್ದದ್ದು ಇದ್ದಂಗ ಹೇಳು."

"ಗ್ವಾಡಿ ಮಾಡದಾಗಿನ ದವಾ ಹೊಲಕ್ಕ ಒಯ್ದು ಕೊಡು, ಎರಡು ಮುಚ್ಚಳ ಸಾಕು ಅಂದ್ರು. ಫೋನ್ ಕಟ್ ಆತು. ನೀವು ರಾತ್ರಿ ಕೆಮ್ತಿದ್ರಿ, ನಿಮಗೇ ಅಂತ ತಿಳ್ಕೊಂಡೆ..." ಮಾತು ಮುಗಿಸುವ ಮೊದಲೇ ಸ್ನೇಹಲಳಿಗೆ ತಾನು ಏನು ತಂದಿದ್ದೇನೆ ಎಂಬುದು ತಿಳಿಯಿತು. ಅಲ್ಲೇ ಮಣ್ಣಲ್ಲಿ ಕುಸಿದು ಅಳತೊಡಗಿದಳು. ಅಷ್ಟರಲ್ಲಿ ಬೆನ್ನಿಗೆ ಪಂಪು ಹೊತ್ತವನೊಬ್ಬ ಬದುವಿನ ಮೇಲೆ ಬಂದು ನಿಂತ. ಉಳಿದ ಸಾಲಿಗೆ ಹೊಡೆಯಲು ಬಾಲಾಜಿ ಕಳಿಸಿದ್ದ ಆಳು ಅವನು. ಪಂಪಿಗೆ ಎರಡು ಮುಚ್ಚಳ ಅವನ ಲೆಕ್ಕ.

ಅಂಬುಬಾಯಿ ಸೊಸೆಯ ತಲೆ ನೇವರಿಸಿದಳು. "ಅಳಬ್ಯಾಡ ಮಗಳಾ. ನಿಂದೇನೂ ತಪ್ಪಿಲ್ಲ. ಇಂಥಾದಕ್ಕ ದವಾ ಅಂತ ಹೆಸರಿಟ್ಟಾಂವಂದು ತಪ್ಪು."

"ಅಂವಾ ಸಿಕ್ಕರ ಅವನಿಗೂ ಎರಡು ಮುಚ್ಚಳ ಕುಡಸೂಣು" ಎಂದಳು ಬಂಡಮ್ಮ.

ಅಂಬುಬಾಯಿ ಪಂಪಿನವನನ್ನು ಹೊಳ್ಳಿ ಕಳಿಸಿದಳು. ಸೊಸೆಯ ಫೋನಿನಿಂದ ಮಗನಿಗೆ ಹಚ್ಚಿಸಿದಳು.

"ಬಾಲ್ಯಾ, ನೀ ಕಳಿಸಿದ ದವಾ ಬಂತಪಾ. ಬಾಯಿತನಕ ಒಯ್ದಿದ್ದೆ. ನಾ ಕುಡೀಲ್ಯಾ, ಹೊಲಕ್ಕ ಕುಡಸ್ಲ್ಯಾ?"

ಒಂದು ತಾಸಿನಲ್ಲಿ ಬಾಲಾಜಿ ಬಂದು ಬದುವಿನ ಮೇಲೆ ಗಾಡಿ ಬಿಟ್ಟು ಓಡಿ ಬಂದ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಯವ್ವಾ, ಮೋಡ ನೋಡಿ ಗಾಬರಿ ಆದೆ. ಬದುವಿಗಂತ ಕೆಮ್ಮಿನ ದವಾದ ಖಾಲಿ ಬಾಟ್ಲ್ಯಾಗ ಸುರುವಿ ಇಟ್ಟಿದ್ದೆ..."

"ಬಾಟ್ಲ್ಯಾಗ ಏನದ, ಬಾಯಿಲೆ ಹೇಳು."

"ದ..." ಎಂದು ತಡೆದ. "ಇಷ."

"ಹಾಂ. ಇನ್ನ ಈ ಮನ್ಯಾಗ ಅದಕ್ಕ ಅದೇ ಹೆಸರು." ಅವಳು ತನ್ನ ಖುರ್ಪಿಯನ್ನು ಅವನ ಮುಂದೆ ಹಿಡಿದಳು. "ಎಂಟು ದಿನಾ ಇನ್ನೂ ಮುಗದಿಲ್ಲ. ಕುಂದರು."

ಬಾಲಾಜಿ ಪ್ಯಾಂಟು ಮಡಚಿ ಕೂತ. ಹುಲ್ಲಿನ ಜೊತೆ ಎರಡು ಸೋಯಾಬೀನ್ ಗಿಡ ಕಿತ್ತ. "ಇವನ ಸಾಲಿನ್ಯಾಗ ಹುಡುಕಿದ್ರ ಆ ಸೀರಿ ನಂದೇ!" ಎಂದಳು ಪ್ರೇಮಾಬಾಯಿ. ಸ್ನೇಹಲ ಕಣ್ಣೊರೆಸಿಕೊಂಡು ಗಂಡನ ಮಗ್ಗುಲ ಸಾಲು ಹಿಡಿದಳು. ಹೊತ್ತು ಮುಳುಗುವುದರೊಳಗೆ ಏಳು ಸಾಲಾದವು, ಮರುದಿನ ಊಟದ ಹೊತ್ತಿಗೆ ಉಳಿದ ಐದು. ಕಡೆಯ ಸಾಲು ಮುಗಿಸಿ ಬದು ಹತ್ತಿದಾಗ ಮೊದಲ ದಪ್ಪ ಹನಿ ಬಿತ್ತು.

ಅಂಬುಬಾಯಿ ಓದಿದ್ದು ಎರಡನೆಯ ಇಯತ್ತೆ. ಆದರೂ ಆ ಬಾಟಲಿಗೆ ಕಾಗದ ಅಂಟಿಸಿ, ಸೊಸೆಯಿಂದ ಮರಾಠಿಯಲ್ಲಿ ಬರೆಸಿ, ಕೆಳಗೆ ತಾನೇ ಕನ್ನಡದಲ್ಲಿ 'ಇಷ' ಎಂದು ದೊಡ್ಡದಾಗಿ ಬರೆದಳು. ಅದನ್ನೂ ಡಬ್ಬಿಯನ್ನೂ ಬಾಲಾಜಿಯ ಕೈಯಲ್ಲಿ ಅಂಗಡಿಗೆ ಹೊಳ್ಳಿ ಕಳಿಸಿದಳು.

ಪಂಚಮಿಗೆ ಜೋಕಾಲಿ ಕಟ್ಟಿದ ಬೇವಿನ ಮರದ ಕೆಳಗೆ ಪಕ್ಕದ ಹೊಲದವಳು ಕೇಳಿದಳು: "ಅಂಬಕ್ಕಾ, ನಿಮ್ಮ ಸೋಯಾಬೀನ್ ಭಾಳ ಚಂದ ಎದ್ದಾದ. ಯಾವ ದವಾ ಹೊಡದೀರಿ?"

"ಯಾವುದೂ ಇಲ್ಲವ್ವ" ಎಂದಳು ಅಂಬುಬಾಯಿ. "ನಮ್ಮ ಹೊಲಕ್ಕ ಜಡ್ಡಿಲ್ಲ."