ಕೊರಡಿನ ಕರಿ ತುದಿ

ಮಗಳ ಅಕ್ವೇರಿಯಂಗೆಂದು ಹೊಳೆದಂಡೆಯಲ್ಲಿ ಸಿಕ್ಕ ಕೊರಡೊಂದನ್ನು ಇವತ್ತು ಕುದಿಸುತ್ತಿದ್ದೆ. ನೀರು ಟೀ ಬಣ್ಣಕ್ಕೆ ತಿರುಗಿ, ನೆನೆದ ಮರದ ವಾಸನೆ ಎದ್ದಿತು.

ಶ್ರೀರಂಗಪಟ್ಟಣದ ನಮ್ಮ ಹಿತ್ತಿಲ ಕಲ್ಲುಬಾನಿಯಲ್ಲಿದ್ದ ಮೀನುಗಳಿಗೆ ನಾನೂ ಚಿಕ್ಕವನಿದ್ದಾಗ ಹೊಳೆಯಿಂದ ಇಂಥದ್ದೇ ಕೊರಡು ತಂದಿದ್ದೆ. ಅಜ್ಜಿ ಅದನ್ನು ತಿರುಗಿಸಿ ನೋಡಿ, ಮೂಸಿದಳು. ಒಂದು ತುದಿ ಕರ್ರಗಿತ್ತು.

"ಹೊಳೆ ಮೇಲ್ಗಡೆ ಹೆಣ ಸುಡ್ತಾರೆ ಕಣ್ಲಾ. ಯಾರ ಸೌದೆಯೋ ಏನೋ."

ಎಸೆಯುತ್ತಾಳೆಂದುಕೊಂಡೆ. ಅವಳು ತೆಂಗಿನ ನಾರಿನಲ್ಲಿ ಉಜ್ಜಿ, ನೀರು ತಿಳಿಯಾಗುವವರೆಗೂ ಮತ್ತೆ ಮತ್ತೆ ಕುದಿಸಿದಳು. ಸೋಪು ಮಾತ್ರ ಮುಟ್ಟಿಸಲಿಲ್ಲ. ಆಮೇಲೆ ಅದಕ್ಕೆ ಕೈಮುಗಿದು ಬಾನಿಗೆ ಇಳಿಸಿದಳು. ಕುದಿಸಿದ್ದು ಮೀನಿಗಾಗಿಯೋ, ಸತ್ತವರಿಗಾಗಿಯೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಕ್ಲೀನಾಯ್ತಾ ಅಪ್ಪ?" ಎಂದಳು ಮಗಳು.

ನೀರೇನೋ ತಿಳಿಯಾಗಿತ್ತು. ನಾನು ಕೊರಡಿನ ಎರಡೂ ತುದಿಗಳನ್ನು ತಿರುಗಿಸಿ ತಿರುಗಿಸಿ ಮೂಸುತ್ತಲೇ ಇದ್ದೆ.