ರಕ್ತ ತೆಗೆಯುವ ರಂಜಿತಾ ಮತ್ತು ಕುಪ್ಪಣ್ಣನ ಮೊಣಕಾಲು

ಚಾ ಆರಿದರೂ ಅಡ್ಡಿಯಿಲ್ಲ, ರಂಜಿತಾ ಅವರ ಕಥೆಯನ್ನು ಪೂರ್ತಿ ಕೇಳಿಬಿಡಿ.

ಹೊನ್ನಾವರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸ್ಕೂಟರಿನ ಮುಂದೆ ಐಸ್ ಡಬ್ಬಿ ಇಟ್ಟುಕೊಂಡು ರಂಜಿತಾ ಮಾವಿನಕುರ್ವೆಯ ಮೀನುಗಾರರ ಕೇರಿಯ ಕಡೆ ಹೊರಟಿದ್ದಾರೆ. ಡಬ್ಬಿ ನೋಡಿದವರು "ಇವತ್ತು ಎಂತ ಮೀನು?" ಎಂದು ಕೇಳುವುದುಂಟು. ಅದರೊಳಗೆ ತುಂಬಬೇಕಾದದ್ದು ರಕ್ತದ ಟ್ಯೂಬು. ಸಣ್ಣ ಲ್ಯಾಬೊಂದರ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆದು ತರುವುದು ಅವರ ಕೆಲಸ. ತಿಂಡಿ ಹೊತ್ತಿನೊಳಗೆ ಹದಿನೈದಿಪ್ಪತ್ತು ಮನೆ ಆಗಲೇಬೇಕು.

ಮಾವಳ್ಳಿಯ ಈ ಹೆಣ್ಣುಮಗಳಿಗೆ ಮೊದಲು ರಕ್ತ ಕಂಡರೆ ತಲೆ ತಿರುಗುತ್ತಿತ್ತಂತೆ. "ಟ್ರೇನಿಂಗಲ್ಲಿ ಪೇಶೆಂಟ್ ಗಟ್ಟಿಯಾಗೇ ಕೂತಿದ್ರು, ಬಿದ್ದದ್ದು ನಾನು. ಅವ್ರೇ ಮುಖಕ್ಕೆ ನೀರು ಹೊಡೆದ್ರು" ಎಂದು ನಗುತ್ತಾರೆ. ಈಗ ನರ ಸಿಗದ ಅಜ್ಜಿಯರು ರಂಜಿತಾನೇ ಬರಲಿ ಎಂದು ಹಟ ಹಿಡಿಯುತ್ತಾರೆ.

ಇಂದಿನ ಮೊದಲ ಮನೆ ಕುಪ್ಪ ಅವರದು. ಬೋಟಿನಲ್ಲಿ ಬಲೆ ಎಳೆಯುವ ಆಸಾಮಿ. ಯಾರದೋ ಮದುವೆ ಊಟದ ನಂತರ ಹೊಟ್ಟೆ ಕೆಟ್ಟಿತ್ತು, ವಾಸಿಯೂ ಆಗಿತ್ತು. ಆಮೇಲೆ ಮೊಣಕಾಲು ಊದಿತು, ಕಣ್ಣು ಕೆಂಪಾಯಿತು. ಕುಮಟಾದ ಡಾಕ್ಟರ್ ಅರ್ಚಿತಾ ಅವರಿಗೆ ರಿಯಾಕ್ಟಿವ್ ಆರ್ಥ್ರೈಟಿಸ್ ಇರಬಹುದೆಂಬ ಅನುಮಾನ: ಹೊಟ್ಟೆಯ ಸೋಂಕು ಹೋದರೂ ಅದರ ಮೇಲೆ ಯುದ್ಧಕ್ಕೆ ಹೊರಟ ಮೈ ಸುಮ್ಮನಾಗದೆ ಕೀಲಿನ ಮೇಲೆ ತಿರುಗಿ ಬೀಳುವ ಕಾಯಿಲೆ. ಖಚಿತವಾಗಿ ಹೇಳಲು ಇನ್ನಷ್ಟು ಪರೀಕ್ಷೆ ಬೇಕು.

"ಸಿಆರ್‌ಪಿ, ಇಎಸ್‌ಆರ್ ಅಂದ್ರೆ ಎಂತದೇ ಅದು?" ಕುಪ್ಪ ಅವರ ಹೆಂಡತಿ ದುರ್ಗಿ ಕೇಳುತ್ತಾರೆ.

"ಒಳಗೆ ಉರಿಯೂತ ಅದ್ಯಾ ಅಂತ ನೋಡೂದು ದುರ್ಗಕ್ಕ. ಹೊಗೆ ಕಂಡ ಹಾಂಗೆ. ಒಲೆದೋ, ಮನೆಗೇ ಬೆಂಕಿ ಬಿದ್ದದ್ದೋ, ಡಾಕ್ಟ್ರೇ ಹುಡುಕ್ಬೇಕು. ಸಿಆರ್‌ಪಿ ನಮ್ಮನೆಯವ್ರ ಸಿಟ್ಟು, ಬೇಗ ಏರ್ತದೆ, ಬೇಗ ಇಳೀತದೆ. ಇಎಸ್‌ಆರ್ ನಮ್ಮ ಅತ್ತೆದು. ಬರೂದೂ ನಿಧಾನ, ಹೋಗೂದೂ ನಿಧಾನ."

ದುರ್ಗಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ. ಜಗಲಿಯ ಮೇಲೆ ಕೂತ ಕುಪ್ಪ ಅವರ ತೋಳಿಗೆ ರಬ್ಬರ್ ಬಿಗಿಯುತ್ತ ರಂಜಿತಾ ಎಂದಿನ ಪ್ರಶ್ನೆ ಕೇಳುತ್ತಾರೆ. "ಕುಪ್ಪಣ್ಣ, ಹೊಸ ಮಾತ್ರೆ ಎಂತಾದ್ರೂ ತಕಂಡ್ರ್ಯಾ?"

ಕುಪ್ಪ ಕಣ್ಣು ಮಿಟುಕಿಸುತ್ತಾರೆ. ಪಕ್ಕದ ಮನೆ ಅಜ್ಜಿಯ ದಮ್ಮಿನ ಮಾತ್ರೆಯನ್ನು ನಾಲ್ಕೈದು ದಿನದಿಂದ ನುಂಗುತ್ತಿದ್ದಾರೆ. ಮಾತ್ರೆಯ ಪಟ್ಟಿ ನೋಡಿದರೆ ಸ್ಟೀರಾಯ್ಡ್, ಉರಿಯೂತವನ್ನು ಸದ್ಯಕ್ಕೆ ಅದುಮಿಡುವಂಥದ್ದು. "ಹಿಂದಿನ ಸಲ ರಕ್ತ ಪರೀಕ್ಷೆ ಫೇಲಾಗಿತ್ತಲೆ, ಈ ಸಲ ಪಾಸಾಗ್ತೆ. ಡಾಕ್ಟ್ರಿಗೆ ಹೇಳಬ್ಯಾಡ ತಂಗಿ."

ಅವರ ಅವಸರಕ್ಕೆ ಕಾರಣವಿದೆ. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ ಬೋಟು ಹೊರಡುತ್ತದೆ. ಮೊದಲ ಬಲೆಗೆ ಕೈ ಹಾಕದವನ ಜಾಗ ಇಡೀ ಹಂಗಾಮಿಗೆ ಬೇರೆಯವರ ಪಾಲು. ಹುಣ್ಣಿಮೆಗೆ ಉಳಿದಿರುವುದು ಒಂದು ವಾರ.

"ನಂಬರ್ ಇಳದ್ರೆ ಕಾಲು ಗುಣ ಆತು ಅಂತಲ್ಲ ಕುಪ್ಪಣ್ಣ. ಡಾಕ್ಟ್ರಿಗೆ ನೀವು ಹೇಳ್ತ್ರೋ, ನಾ ಹೇಳ್ಲೋ?"

"ನೀ ಹೇಳಿದ್ರೆ ಈ ಕೇರಿಲಿ ಯಾರೂ ನಿಂಗೆ ಕೈ ಕೊಡೂದಿಲ್ಲ, ನೋಡು."

ಬರಿಯ ಬೆದರಿಕೆಯಲ್ಲ ಅದು. ಕೇರಿ ಮುನಿದರೆ ರಂಜಿತಾ ಅವರ ಅರ್ಧ ಬೆಳಗು ಖಾಲಿ. ಆದರೂ ಅವರು ರಕ್ತ ತೆಗೆದು, ಹತ್ತಿ ಒತ್ತಿ, ಕುಪ್ಪ ಅವರ ಎದುರಿಗೇ ಡಾಕ್ಟರಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಮಾತ್ರೆಯ ವಿಷಯ ಹೇಳಿಬಿಡುತ್ತಾರೆ.

"ಒಳ್ಳೇದಾಯ್ತು ಹೇಳಿದ್ದು. ಇಲ್ಲದಿದ್ರೆ ರಿಪೋರ್ಟ್ ನೋಡಿ ಕಡಲಿಗೆ ಹೋಗಿ ಅಂದುಬಿಡ್ತಿದ್ದೆ. ಆ ಮಾತ್ರೆಯನ್ನ ನೀವಾಗೇ ನಿಲ್ಲಿಸೋದೂ ಬೇಡ, ಹೆಚ್ಚಿಸೋದೂ ಬೇಡ, ಇವತ್ತೇ ಬನ್ನಿ. ಕಣ್ಣನ್ನೂ ತೋರಿಸ್ಬೇಕು" ಎನ್ನುತ್ತಾರೆ ಡಾಕ್ಟರ್.

ರಿಪೋರ್ಟಿನಲ್ಲಿ ಸಿಆರ್‌ಪಿ ಇಳಿದಿತ್ತು, ಇಎಸ್‌ಆರ್ ಹಾಗೇ ಇತ್ತು. ಮೊಣಕಾಲೂ ಹಾಗೇ. ಹುಣ್ಣಿಮೆ ಕಳೆದು ಬೋಟು ಹೊರಟಿತು. ಕುಪ್ಪ ದಡದಲ್ಲಿ ಕೂತು ಬಲೆ ಹೆಣೆದರು. ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸಿದ ಇನ್ನೊಂದು ರಕ್ತಪರೀಕ್ಷೆಯ ಉತ್ತರ ಬರಬೇಕಿದೆ. ಬಹಳ ಮಂದಿಗೆ ತಿಂಗಳುಗಳಲ್ಲಿ ಗುಣವಾಗುತ್ತದೆಂದು ಡಾಕ್ಟರ್ ಧೈರ್ಯ ಹೇಳಿದ್ದಾರೆ.

ಕೇರಿಯಲ್ಲಿ ಎರಡು ಮನೆ ಬಾಗಿಲು ಹಾಕಿಕೊಂಡವು, ನಿಜ. ಕುಪ್ಪ ಅವರ ಮುಂದಿನ ಪರೀಕ್ಷೆಯ ದಿನ ಏನಾಯಿತೆಂದು ಕೇಳಿದರೆ ರಂಜಿತಾ ಅವರ ಮುಖ ಅರಳುತ್ತದೆ. "ಮುಖ ಆಚೆ ತಿರುಗ್ಸಿ ಕೈ ಮಾತ್ರ ಮುಂದೆ ಚಾಚಿದ್ರು. ಆದ್ರೆ ಬೇರೆಯವ್ರು ಬರೂದು ಬ್ಯಾಡ ಅಂತ ಲ್ಯಾಬಿಗೆ ಫೋನ್ ಮಾಡಿದ್ದು ಅವ್ರೇ."

ಅಣ್ಣನಂಥವರೊಬ್ಬರು ನಂಬಿ ಗುಟ್ಟು ಹೇಳಿದ್ದರೆ, ಆ ಜಗಲಿಯ ಮೇಲೆ ನೀವು ಏನು ಮಾಡುತ್ತಿದ್ದಿರಿ?