ಬೆಮೂನಲಿಯ ರಾಟೆ

ಮರಳುಗಾಡಿನ ಯಜ್ದ್ ಊರಿನ ಬೆಮೂನಲಿಗಿಂತ ಮೊದಲು ಅವನ ತಾಯಿಗೆ ಹುಟ್ಟಿದ ಮಕ್ಕಳೆಲ್ಲ ತೊಟ್ಟಿಲಲ್ಲೇ ತೀರಿಕೊಂಡಿದ್ದರು. ಹಾಗಾಗಿ ತಾಯಿ ಇವನಿಗೆ ‘ಅಲಿ, ಉಳಿದುಕೋ’ ಎಂಬ ಅರ್ಥದ ಹೆಸರಿಟ್ಟಳು. ಮಗ ಮಾತು ಕೇಳಿದ. ಉಳಿದದ್ದಷ್ಟೇ ಅಲ್ಲ, ಸುರಂಗಬಾವಿ ತೋಡುವವರ ನಡುವೆ ರಾಟೆಯ ಚಕ್ರವರ್ತಿಯಾಗಿ ಮೆರೆದ. ಬಾವಿಯ ಬಾಯಲ್ಲಿ ಕೂತು, ರಾಟೆಯ ಒಂದು ಹಿಡಿಯನ್ನು ಕೈಯಲ್ಲಿ ಎಳೆದು ಇನ್ನೊಂದನ್ನು ಕಾಲಲ್ಲಿ ಒದ್ದರೆ, ಮಣ್ಣಿನ ಬುಟ್ಟಿ ಪಾತಾಳದಿಂದ ಹಕ್ಕಿಯಂತೆ ಹಾರಿ ಬರುತ್ತಿತ್ತು. ಕತ್ತೆಗಳು ಕೂಡ ಮೇವು ಬಿಟ್ಟು ನೋಡುತ್ತಿದ್ದವು ಎಂದು ಅವನೇ ಹೇಳುತ್ತಿದ್ದ.

ವೇಗಕ್ಕಾಗಿ ಅವನು ಕೂರುವ ಕಲ್ಲನ್ನು ರಾಟೆಗೆ ಒತ್ತಿಕೊಂಡೇ ಇಟ್ಟಿದ್ದ. ಮಂಡಿ ಎದೆಗೆ ತಾಗುವಷ್ಟು ಹತ್ತಿರ. ಪುಟ್ಟ ಪುಟ್ಟ ಒದೆ, ಪಟಪಟ ಸುತ್ತು.

ಕೆಳಗೆ ಅಗೆಯುವವನು ಅವನ ಮಾವ, ಹೆಂಡತಿ ಸಕೀನೆಯ ಅಪ್ಪ, ಉಸ್ತಾದ್ ಸಫರ್. ಬಾವಿ ನುಂಗಿದರೆ ಹೆಣಕ್ಕೆ ಸುತ್ತುವ ಕಫನ್ ಹುಡುಕುವ ಕಷ್ಟ ಬೇಡವೆಂದು ಎಲ್ಲ ಅಗೆಯುವವರಂತೆ ಅವನೂ ಬಿಳಿ ಬಟ್ಟೆಯಲ್ಲೇ ಇಳಿಯುತ್ತಿದ್ದ. ಇಳಿಯುವುದು, ಹತ್ತುವುದು ಗೋಡೆಯ ಗುಳಿಗಳಲ್ಲಿ ಕಾಲಿಟ್ಟು. ರಾಟೆ ಬರೀ ಮಣ್ಣಿಗೆ.

“ಏನಯ್ಯಾ ಅಳಿಯ, ಕಾವಿಗೆ ಕೂತ ಕೋಳಿ ಥರ ಕೂತಿದ್ದೀಯಲ್ಲ! ಕಲ್ಲು ಹಿಂದಕ್ಕೆ ಹಾಕು. ಮಂಡಿ ಅರ್ಧ ಮಡಿಚಿದ್ರೇನೇ ಕಾಲಿಗೆ ಕಸುವು. ಪೂರ್ತಿ ಮಡಿಚಿದ್ರೂ ಇಲ್ಲ, ಪೂರ್ತಿ ಚಾಚಿದ್ರೂ ಇಲ್ಲ.”

“ಬುಟ್ಟಿ ಬರ್ತಿಲ್ವಾ ಮಾವ?”

“ಬುಟ್ಟಿ ಬರುತ್ತಪ್ಪ. ಭಾರ ಬಿದ್ದಾಗ ಗೊತ್ತಾಗುತ್ತೆ. ಅವಸರದ ಒದೆಗೆ ಸದ್ದು ಜಾಸ್ತಿ, ಬಲ ಕಮ್ಮಿ.”

ಈ ಜಗಳ ಬಾವಿಯಿಂದ ಮನೆಯ ಊಟದ ಹಾಸಿನವರೆಗೂ ಬರುತ್ತಿತ್ತು.

ಒಂದು ಬೆಳಿಗ್ಗೆ ತಳದಲ್ಲಿ ಜೇಡಿ ಕುಸಿದು ಉಸ್ತಾದನನ್ನು ಸೊಂಟದವರೆಗೆ ಹಿಡಿಯಿತು. ಹಿಂದೆಯೇ ನೀರೂ ನುಗ್ಗಿತು. ಅವನು ಬುಟ್ಟಿಯ ಹಗ್ಗವನ್ನು ಕಂಕುಳಿಗೆ ಬಿಗಿದುಕೊಂಡು ಕೂಗಿದ. ಬುಟ್ಟಿ ಸುರಿಯುವ ಗಂಬರ್ ಜನ ಕರೆಯಲು ಊರಿಗೆ ಓಡಿದ. ರಾಟೆಯ ಚಕ್ರವರ್ತಿ ಒಬ್ಬನೇ ಉಳಿದ.

ಒದ್ದ. ರಾಟೆ ನರಳಿತು, ತಿರುಗಲಿಲ್ಲ. ಇನ್ನೂ ಜೋರಾಗಿ, ಇನ್ನೂ ಬೇಗ ಬೇಗ ಒದ್ದ.

“ಒದೀಬೇಡ್ವೋ! ಕಲ್ಲು ಹಿಂದಕ್ಕೆ ಹಾಕು! ನಿಧಾನಕ್ಕೆ ಒತ್ತು!”

ಮಾವ ಮುಳುಗುತ್ತಿರುವಾಗ ಯಾರಾದರೂ ಎದ್ದು ಕಲ್ಲು ಸರಿಸುತ್ತಾ ಕೂರುತ್ತಾರೆಯೇ?

“ಬಂದೆ ಮಾವ, ಬಂದೇಬಿಟ್ಟೆ!” ಎನ್ನುತ್ತಾ ಒದೆಯುತ್ತಲೇ ಇದ್ದ.

ಕೆಳಗಿನ ದನಿ ನಿಂತಿತು. ಆಗ ಅವನು ಎದ್ದು ಕಲ್ಲು ಹಿಂದಕ್ಕೆ ತಳ್ಳಿದ. ಮಂಡಿ ಅರ್ಧ ಮಡಿಚಿ, ಹಲ್ಲು ಕಚ್ಚಿ, ನಿಧಾನವಾಗಿ ಒತ್ತಿದ. ರಾಟೆ ಎಣ್ಣೆ ಹಚ್ಚಿದಂತೆ ತಿರುಗಿತು.

ಮೇಲೆ ಬಂದ ಉಸ್ತಾದನ ಬಾಯಿ ತುಂಬ ಕೆಸರಿತ್ತು. ಬಿಳಿ ಬಟ್ಟೆ ತನ್ನ ಕೆಲಸಕ್ಕೆ ತಯಾರಾಗಿತ್ತು.

ಆಮೇಲೂ ಬೆಮೂನಲಿ ಮುದುಕನಾಗುವವರೆಗೆ ರಾಟೆ ತಿರುಗಿಸಿದ, ಕಲ್ಲನ್ನು ದೂರ ಇಟ್ಟುಕೊಂಡೇ.

“ಆ ಬುಟ್ಟೀಲಿ ಗೋಧಿ ಬಿತ್ತಿದ್ರೆ ಮೇಲೆ ಬರೋಷ್ಟರಲ್ಲಿ ಕೊಯ್ಲಿಗೆ ಬಂದಿರುತ್ತೆ ಕಣೋ,” ಎಂದು ಗಂಬರ್ ಹಂಗಿಸುತ್ತಿದ್ದ.

ಹೆಂಡತಿ ಸಕೀನೆ ಮಾತ್ರ ಹಂಗಿಸಲಿಲ್ಲ. ರೊಟ್ಟಿ ಮುಂದಿಡುವಾಗ ಒಮ್ಮೆ ಅಂದಳು: “ನಿಮ್ಮಮ್ಮ ಇಟ್ಟ ಹೆಸರು ಸುಳ್ಳಾಗಲಿಲ್ಲ. ಉಳ್ಕೊಂಡ್ರಿ.”

ಅವನು ರೊಟ್ಟಿಯನ್ನು ನಿಧಾನವಾಗಿ ಅಗಿದ.